ಅಲಾರಂ ಹೊಡೆಯದ ಮಧ್ಯಾಹ್ನ: ಡ್ಯಾಶ್‌ಬೋರ್ಡ್‌ಗಳ ಚರಿತ್ರೆ

ಎಳನೀರು ಕುಡಿದು ದುಡ್ಡು ಕೊಡೋಕೆ ಅಂತ ಕ್ಯೂಆರ್ ಸ್ಕ್ಯಾನ್ ಮಾಡ್ತೀರಿ. ಚಕ್ರ ಸುತ್ತುತ್ತೆ, ಸುತ್ತುತ್ತೆ, ಸುತ್ತುತ್ತಲೇ ಇರುತ್ತೆ. ಎಳನೀರಿನವರು ಮಚ್ಚು ಕೆಳಗಿಟ್ಟು ನಿಮ್ಮ ಮುಖ ನೋಡ್ತಾರೆ. ಆಗ ತಲೆಗೆ ಬರೋ ಮೊದಲ ಪ್ರಶ್ನೆ: ‘ಇದು ನನಗೊಬ್ಬನಿಗಾ, ಎಲ್ಲರಿಗೂ ಹೀಗೇನಾ?’

ಈ ಪ್ರಶ್ನೆಯನ್ನ ಹಗಲೂ ರಾತ್ರಿ ಕೇಳ್ತಾ ಕೂರೋದೇ ಕೆಲವರ ಉದ್ಯೋಗ. ನಮ್ಮ ಚಿಕ್ಕಮ್ಮನ ಮಗಳು ಅಂಥವಳು. ಆನ್-ಕಾಲ್ ಡ್ಯೂಟಿ ಇದ್ದ ವಾರ ಹಾಸನದಲ್ಲಿ ಮದುವೆ ಇದ್ದರೂ ಬ್ಯಾಗಿನಲ್ಲಿ ಸೀರೆ ಜೊತೆ ಲ್ಯಾಪ್‌ಟಾಪ್ ಇರುತ್ತೆ. ಊಟದ ಪಂಕ್ತಿಯಲ್ಲಿ ಫೋನ್ ಕಿರುಚಿದ ಕೂಡಲೇ ಎದ್ದು ಹೋಗಿ, ಅಡುಗೆ ಮನೆ ಪಕ್ಕದ ಕೋಣೆಯಲ್ಲಿ ಕೂತು ಒಂದು ಪುಟ ತೆರೀತಾಳೆ. ಅದರ ತುಂಬ ಗೆರೆಗಳು, ಅಂಕಿಗಳು, ಹಸಿರು-ಕೆಂಪು ಚೌಕಗಳು. ಅದಕ್ಕೆ ಡ್ಯಾಶ್‌ಬೋರ್ಡ್ ಅಂತಾರೆ. ಇವತ್ತಿನ ಸಂಚಿಕೆ ಅದರ ಚರಿತ್ರೆ. ಅದರಲ್ಲೂ, ಅದು ಸುಳ್ಳು ಹೇಳಿದ ದಿನಗಳ ಚರಿತ್ರೆ.

ಮೊದಲು ಈ ಪದ ನೋಡಿ. 19ನೇ ಶತಮಾನದ ಕುದುರೆ ಗಾಡಿಯಲ್ಲಿ ಸವಾರನ ಮುಂದೆ ಒಂದು ಮರದ ಹಲಗೆ ಅಥವಾ ಚರ್ಮದ ತಡೆ ಇರುತ್ತಿತ್ತು. ಕುದುರೆ ಓಡುವಾಗ ಗೊರಸಿನಿಂದ ಸಿಡಿಯೋ ಕೆಸರು, ಕಲ್ಲು ಮೈಮೇಲೆ ಬೀಳದೇ ಇರಲಿ ಅಂತ. ಇಂಗ್ಲಿಷಿನಲ್ಲಿ ‘ಡ್ಯಾಶ್’ ಅಂದರೆ ಅಪ್ಪಳಿಸು. ಅಪ್ಪಳಿಸೋದನ್ನ ತಡೆಯೋ ಹಲಗೆ ಡ್ಯಾಶ್‌ಬೋರ್ಡ್. ಮೋಟಾರು ಬಂತು, ಕುದುರೆ ಹೋಯಿತು, ಹಲಗೆ ಮಾತ್ರ ಉಳೀತು. ಅದರ ಮೇಲೆ ವೇಗದ ಮುಳ್ಳು, ಪೆಟ್ರೋಲಿನ ಮುಳ್ಳು ಬಂದು ಕೂತವು. ಕೆಸರು ಕಾಣದಂತೆ ಮಾಡೋಕೆ ಹುಟ್ಟಿದ್ದು ಕೊನೆಗೆ ಒಳಗಿನ ಸಂಗತಿ ಕಾಣಿಸೋ ಸಾಧನ ಆಯ್ತು. ನನಗೇನೋ ಅದರ ಹಳೇ ಗುಣ ಪೂರ್ತಿ ಹೋಗಿಲ್ಲ ಅನ್ನಿಸುತ್ತೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಕಂಪ್ಯೂಟರ್ ಲೋಕದಲ್ಲಿ ಈ ಕಥೆ ಒಂದು ಸಣ್ಣ ಕೂಗಿನಿಂದ ಶುರುವಾಗುತ್ತೆ. 1983ರ ಡಿಸೆಂಬರ್‌ನಲ್ಲಿ ಮೈಕ್ ಮುಸ್ ಅನ್ನೋ ಅಮೆರಿಕದ ಎಂಜಿನಿಯರ್ ‘ಪಿಂಗ್’ ಅನ್ನೋ ಪುಟ್ಟ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಯ ಸೋನಾರ್ ಸದ್ದಿನಿಂದ ಬಂದ ಹೆಸರು. ಕೆಲಸ ಇಷ್ಟೇ: ಆ ಕಡೆಯ ಯಂತ್ರಕ್ಕೆ ‘ಇದ್ದೀಯೇನಪ್ಪಾ?’ ಅಂತ ಕೂಗೋದು, ‘ಇದ್ದೀನಿ’ ಅಂತ ಉತ್ತರ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆಯೋದು. ನಲವತ್ತು ವರ್ಷ ದಾಟಿದರೂ ಇವತ್ತಿಗೂ ನೆಟ್ ಕೈಕೊಟ್ಟಾಗ ಎಂಜಿನಿಯರ್‌ಗಳು ಮೊದಲು ಹೊಡೆಯೋದು ಪಿಂಗ್ ಅನ್ನೇ.

ಆಮೇಲೆ ಬಂದದ್ದು, ನಂಬಿದರೆ ನಂಬಿ, ಒಂದು ಕಾಫಿ ಪಾತ್ರೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ‘ಟ್ರೋಜನ್ ರೂಮ್’ ಅಂತ ಒಂದು ಕೋಣೆ. ಅಲ್ಲಿದ್ದದ್ದು ಒಂದೇ ಕಾಫಿ ಯಂತ್ರ. ಬೇರೆ ಮಹಡಿಯಿಂದ ಇಳಿದು ಬಂದವರಿಗೆ ಖಾಲಿ ಪಾತ್ರೆ ದರ್ಶನ. 1991ರಲ್ಲಿ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್‌ಕಿ ಆ ಪಾತ್ರೆಗೆ ಒಂದು ಕ್ಯಾಮೆರಾ ಗುರಿಯಿಟ್ಟು, ಅದರ ಕಪ್ಪು-ಬಿಳುಪು ಚಿತ್ರ ಎಲ್ಲರ ಪರದೆ ಮೇಲೆ ಕಾಣೋ ಹಾಗೆ ಮಾಡಿದರು. 1993ರಲ್ಲಿ ಅದು ವೆಬ್‌ಗೆ ಬಂತು, ಜಗತ್ತಿನ ಮೊದಲ ವೆಬ್‌ಕ್ಯಾಮ್ ಅನ್ನಿಸಿಕೊಂಡಿತು. 2001ರ ಆಗಸ್ಟ್ 22ರಂದು ಅದನ್ನ ಆರಿಸಿದರು. ಆ ಕಾಫಿ ಯಂತ್ರ ಹರಾಜಿನಲ್ಲಿ 3,350 ಪೌಂಡ್‌ಗೆ ಹೋಯಿತು. ತಮಾಷೆ ಕಥೆ ನಿಜ. ಆದರೆ ಒಳ್ಳೆ ಡ್ಯಾಶ್‌ಬೋರ್ಡ್‌ಗೆ ಬೇಕಾದದ್ದೆಲ್ಲ ಅದರಲ್ಲಿದೆ. ಯಂತ್ರಕ್ಕೆ ಕರೆಂಟ್ ಬರ್ತಿದೆಯಾ, ಬಿಸಿ ಎಷ್ಟಿದೆ ಅಂತ ಅದು ಹೇಳಲ್ಲ. ಕಾಫಿ ಇದೆಯಾ ಇಲ್ಲವಾ ಅಂತಷ್ಟೇ ಹೇಳುತ್ತೆ. ಕುಡಿಯುವವನಿಗೆ ಬೇಕಾದದ್ದೂ ಅಷ್ಟೇ.

1994ರಲ್ಲಿ ಟೋಬಿಯಾಸ್ ಓಟಿಕರ್ ಅನ್ನೋ ಸ್ವಿಸ್ ತರುಣ ಇಂಗ್ಲೆಂಡಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿದ್ದ. ಹೊರಜಗತ್ತಿಗೆ ಅವರಿಗಿದ್ದದ್ದು ಒಂದೇ ಒಂದು 64 ಕಿಲೋಬಿಟ್ ಲೈನ್. ನಿಮ್ಮ ಫೋನಿನಲ್ಲಿ ಡೇಟಾ ಮುಗಿದ ಮೇಲೆ ಸಿಗುತ್ತಲ್ಲ, ಆ ವೇಗ. ಅದರಲ್ಲಿ ಇಡೀ ಸಂಸ್ಥೆ! ಲೈನ್ ಎಷ್ಟು ತುಂಬಿದೆ ಅಂತ ಎಲ್ಲರಿಗೂ ಕುತೂಹಲ. ಓಟಿಕರ್ ಒಂದು ಸ್ಕ್ರಿಪ್ಟ್ ಬರೆದ. ಐದೈದು ನಿಮಿಷಕ್ಕೆ ರೂಟರ್ ಅನ್ನ ಕೇಳಿ ಒಂದು ಗ್ರಾಫ್ ಬಿಡಿಸೋದು: ಒಳಗೆ ಬಂದದ್ದು ಹಸಿರು, ಹೊರಗೆ ಹೋದದ್ದು ನೀಲಿ. 1995ರಲ್ಲಿ ಎಂಆರ್‌ಟಿಜಿ ಅನ್ನೋ ಹೆಸರಿನಲ್ಲಿ ಅದನ್ನ ಎಲ್ಲರಿಗೂ ಬಿಟ್ಟುಕೊಟ್ಟ. ಇಂಟರ್‌ನೆಟ್ ಕಂಪನಿಗಳಲ್ಲಿ ಕೆಲಸ ಮಾಡಿದ ಹಳಬರಿಗೆ ಆ ಹಸಿರು ಬೆಟ್ಟ, ನೀಲಿ ಗೆರೆ ಕಂಡರೆ ಈಗಲೂ ಕಾಲೇಜಿನ ಫೋಟೊ ನೋಡಿದಷ್ಟು ಖುಷಿ.

1999ರಲ್ಲಿ ಈಥನ್ ಗಾಲ್‌ಸ್ಟಾಡ್ ‘ನೆಟ್‌ಸೇಂಟ್’ ಅನ್ನೋ ಉಪಕರಣ ತಂದರು. ಹೆಸರಿನ ತಕರಾರು ಬಂದು ಆಮೇಲೆ ಅದು ‘ನ್ಯಾಗಿಯೋಸ್’ ಆಯಿತು. ಇದು ಗ್ರಾಫ್ ಬಿಡಿಸಿ ಸುಮ್ಮನಾಗದೆ ತೀರ್ಪು ಕೊಡ್ತಿತ್ತು. ಸರಿ ಇದ್ದರೆ ಹಸಿರು, ಎಚ್ಚರಿಕೆಗೆ ಹಳದಿ, ಕೆಟ್ಟಿದ್ದರೆ ಕೆಂಪು. ಇನ್ನೊಂದು ನಾಲ್ಕನೇ ಸ್ಥಿತಿ ಇತ್ತು: ‘ಗೊತ್ತಿಲ್ಲ’. ನನಗೆ ಈ ನಾಲ್ಕನೆಯದರ ಮೇಲೆ ವಿಪರೀತ ಗೌರವ. ಗೊತ್ತಿಲ್ಲ ಅನ್ನೋ ಯಂತ್ರ ಅಪರೂಪ, ಮನುಷ್ಯರಂತೂ ಬಿಡಿ. ಆ ಒಂದು ಬಣ್ಣ ಇಲ್ಲದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ಈಗ ಒಂದು ಮಧ್ಯಾಹ್ನದ ಕಥೆ ಹೇಳ್ತೀನಿ.

2003ರ ಆಗಸ್ಟ್ 14, ಗುರುವಾರ. ಅಮೆರಿಕದ ಒಹಾಯೊ ರಾಜ್ಯ. ಬಿಸಿಲು ಜೋರು, ಎಲ್ಲೆಲ್ಲೂ ಎಸಿ ಓಡ್ತಿವೆ. ಫಸ್ಟ್‌ಎನರ್ಜಿ ಅನ್ನೋ ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮ್‌ನಲ್ಲಿ ಆಪರೇಟರ್‌ಗಳು ಪರದೆ ಮುಂದೆ ಕೂತಿದ್ದಾರೆ. ಎಲ್ಲೋ ಒಂದು ಲೈನ್ ಟ್ರಿಪ್ ಆದರೆ ಪರದೆ ಮಿನುಗಬೇಕು, ಅಲಾರಂ ಹೊಡೀಬೇಕು. ಅದನ್ನೇ ನೆಚ್ಚಿಕೊಂಡು ಅವರ ಕೆಲಸ.

ಮಧ್ಯಾಹ್ನ 2 ಗಂಟೆ 14 ನಿಮಿಷ. ಅಲಾರಂ ನೋಡಿಕೊಳ್ಳೋ ಸಾಫ್ಟ್‌ವೇರ್ ನಿಂತುಹೋಯಿತು. ಸದ್ದಿಲ್ಲ, ಕೆಂಪು ದೀಪ ಇಲ್ಲ, ‘ನಾನು ಕೆಲಸ ಮಾಡ್ತಿಲ್ಲ’ ಅನ್ನೋ ಒಂದು ಸಾಲೂ ಇಲ್ಲ. ಪರದೆ ಇದ್ದ ಹಾಗೇ ಇತ್ತು. ಅಲಾರಂ ಬರ್ತಿಲ್ಲ ಅಂದರೆ ತೊಂದರೆ ಇಲ್ಲ ಅಂತ ತಾನೇ ಅರ್ಥ? ಹಾಗಂತ ಅವರೂ ಅಂದುಕೊಂಡರು. ಆ ಕುರ್ಚಿಯಲ್ಲಿ ಯಾರೇ ಕೂತಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು ಅಂತ ನನ್ನ ಅಭಿಪ್ರಾಯ.

2:32ಕ್ಕೆ ಪಕ್ಕದ ಕಂಪನಿಯಿಂದ ಫೋನ್ ಬಂತು. ಎರಡೂ ಕಂಪನಿ ಸೇರಿ ಬಳಸೋ ಒಂದು 345 ಕಿಲೋವೋಲ್ಟ್ ಲೈನ್ ಟ್ರಿಪ್ ಆಗಿ ಮತ್ತೆ ಸೇರಿಕೊಂಡಿದೆ, ನಿಮಗೆ ಕಾಣ್ತಿದೆಯಾ ಅಂತ. ಇವರು ಪರದೆ ನೋಡಿದರು. ಅಲ್ಲಿ ಏನೂ ಇಲ್ಲ. ಮನುಷ್ಯನ ಮಾತಿಗಿಂತ ಪರದೆಯ ಮೌನಕ್ಕೆ ತೂಕ ಜಾಸ್ತಿಯಾಯಿತು.

2:41ಕ್ಕೆ ಅಲಾರಂ ಸಾಫ್ಟ್‌ವೇರ್ ಇದ್ದ ಮುಖ್ಯ ಸರ್ವರ್ ಬಿತ್ತು. ಕೆಲಸ ಬ್ಯಾಕಪ್ ಸರ್ವರ್‌ಗೆ ಹೋಯಿತು. ಹೋಗುವಾಗ ಕಾಯಿಲೆಯನ್ನೂ ಹೊತ್ತುಕೊಂಡೇ ಹೋಯಿತು. 2:54ಕ್ಕೆ ಅದೂ ಬಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸರ್ವರ್ ಬಿದ್ದ ಸುದ್ದಿ ಕಂಪನಿಯ ಐಟಿ ಸಿಬ್ಬಂದಿಗೆ ತಲುಪಿತ್ತು, ಪೇಜರ್ ಹೋಗಿತ್ತು. ಅವರು ಸರ್ವರ್ ರೀಬೂಟ್ ಮಾಡಿದರು, ಎದ್ದು ನಿಂತಿತು, ಸರಿ ಹೋಯ್ತು ಅಂದುಕೊಂಡರು. ಅಲಾರಂ ಬರ್ತಿದೆಯಾ ಅಂತ ಆಪರೇಟರ್‌ಗಳನ್ನ ಕೇಳಲಿಲ್ಲ. ಅಲಾರಂ ಸತ್ತಿದೆ ಅಂತ ಆಪರೇಟರ್‌ಗಳಿಗೆ ಹೇಳಲೂ ಇಲ್ಲ. ಒಂದೇ ಸಂಸ್ಥೆ, ಎರಡು ತಂಡ. ಒಂದು ತಂಡಕ್ಕೆ ಸರ್ವರ್ ಕಾಣುತ್ತೆ, ಇನ್ನೊಂದಕ್ಕೆ ಲೈನ್ ಕಾಣುತ್ತೆ. ನಡುವೆ ಏನು ಸತ್ತಿದೆ ಅಂತ ಇಬ್ಬರಿಗೂ ಕಾಣಲ್ಲ.

ಅದೇ ದಿನ ಅದೇ ಪ್ರದೇಶದ ಗ್ರಿಡ್‌ನ ಮೇಲ್ವಿಚಾರಣೆ ಮಾಡೋ ಸಂಸ್ಥೆಯಲ್ಲಿ ಇನ್ನೊಂದು ಎಡವಟ್ಟು. ಗ್ರಿಡ್‌ನ ಸ್ಥಿತಿಯನ್ನ ಐದು ನಿಮಿಷಕ್ಕೊಮ್ಮೆ ತಾನಾಗೇ ಲೆಕ್ಕ ಹಾಕೋ ಉಪಕರಣ ಅವರಲ್ಲಿತ್ತು. ಅದರಲ್ಲಿ ಏನೋ ತಪ್ಪು ಬಂತು ಅಂತ ಒಬ್ಬ ವಿಶ್ಲೇಷಕ ಆ ‘ತಾನಾಗೇ’ ಅನ್ನೋದನ್ನ ಆಫ್ ಮಾಡಿ, ತಪ್ಪು ಸರಿಪಡಿಸಿ, ಮತ್ತೆ ಆನ್ ಮಾಡೋದು ಮರೆತು ಊಟಕ್ಕೆ ಹೋದ. ಅಧಿಕೃತ ತನಿಖಾ ವರದಿಯಲ್ಲೇ ಆ ಊಟದ ಪ್ರಸ್ತಾಪ ಇದೆ. ಪಾಪ, ಯಾರಿಗೆ ತಾನೇ ಹಸಿವಾಗಲ್ಲ?

ಈ ಹೊತ್ತಿಗೆ ಹೊರಗೆ ಬಿಸಿಲಿಗೆ, ಕರೆಂಟ್ ಹೊರೆಗೆ ತಂತಿಗಳು ಕಾದು ಜೋತು ಬೀಳ್ತಿವೆ. ಕೆಳಗೆ ಕಡಿಯದೇ ಬಿಟ್ಟ ಮರಗಳು. 3:05ಕ್ಕೆ ಒಂದು ಲೈನ್ ಮರಕ್ಕೆ ತಾಗಿ ಟ್ರಿಪ್. 3:32ಕ್ಕೆ ಎರಡನೆಯದು. 3:41ಕ್ಕೆ ಮೂರನೆಯದು. ಒಂದು ಬಿದ್ದರೆ ಅದರ ಹೊರೆ ಉಳಿದವುಗಳ ಮೇಲೆ. ಅವು ಇನ್ನಷ್ಟು ಕಾದು ಇನ್ನಷ್ಟು ಜೋತು ಬೀಳ್ತವೆ. ಒಳಗೆ ಪರದೆ ಮಾತ್ರ ತಣ್ಣಗೆ. ಹೊರಗಿನವರ ಫೋನು ಮೇಲಿಂದ ಮೇಲೆ ಬಂದಮೇಲಷ್ಟೇ, ನಮ್ಮ ಕಂಪ್ಯೂಟರ್ ಸರಿಯಿಲ್ಲ ಅನ್ನೋದು ಅವರಿಗೆ ಖಾತ್ರಿಯಾದದ್ದು. ಅಷ್ಟರಲ್ಲಿ ಕೈಮೀರಿತ್ತು. 4:05 ದಾಟುತ್ತಿದ್ದಂತೆ ದೊಡ್ಡದೊಂದು ಲೈನ್ ಬಿತ್ತು. ಅಲ್ಲಿಂದ ಎಂಟು ನಿಮಿಷದೊಳಗೆ ಅಮೆರಿಕದ ಎಂಟು ರಾಜ್ಯ ಮತ್ತು ಕೆನಡಾದ ಒಂಟಾರಿಯೊದಲ್ಲಿ ಕತ್ತಲು. ಸುಮಾರು 5 ಕೋಟಿ ಜನ. ನ್ಯೂಯಾರ್ಕ್‌ನಲ್ಲಿ ಸುರಂಗದ ರೈಲುಗಳು ನಿಂತಲ್ಲೇ ನಿಂತವು, ಲಿಫ್ಟ್‌ಗಳಲ್ಲಿ ಜನ ಸಿಕ್ಕಿಕೊಂಡರು, ಆಫೀಸಿನವರು ಸೇತುವೆ ಮೇಲೆ ಸಾಲುಗಟ್ಟಿ ಮನೆಗೆ ನಡೆದರು. ಆಗ ನಮ್ಮಲ್ಲಿ ಆಗಸ್ಟ್ 15ರ ನಸುಕು.

ಸಾಫ್ಟ್‌ವೇರ್‌ನಲ್ಲಿ ಏನಾಗಿತ್ತು? ವಾರಗಟ್ಟಲೆ ಕೋಡ್ ಜಾಲಾಡಿದ ಮೇಲೆ ಸಿಕ್ಕಿದ್ದು ‘ರೇಸ್ ಕಂಡಿಷನ್’ ಅನ್ನೋ ದೋಷ. ಎರಡು ಪ್ರಕ್ರಿಯೆಗಳು ಒಂದೇ ಕ್ಷಣದಲ್ಲಿ ಒಂದೇ ದತ್ತಾಂಶಕ್ಕೆ ಕೈ ಹಾಕಿದವು, ಅದು ಕೆಟ್ಟಿತು, ಅಲಾರಂ ಪ್ರೋಗ್ರಾಂ ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತತೊಡಗಿತು. ಹೊಸ ಸುದ್ದಿಗಳೆಲ್ಲ ಹಿಂದೆ ರಾಶಿ ಬಿದ್ದವು. ಕೊನೆಗೆ ಆ ರಾಶಿಯ ಭಾರಕ್ಕೇ ಸರ್ವರ್ ಕುಸಿಯಿತು. ಮರ ಕಡಿಯದ್ದು, ತರಬೇತಿ ಸಾಲದ್ದು, ಗ್ರಿಡ್‌ನ ಹೊರೆ, ಕಾರಣಗಳು ಹಲವು ಇದ್ದವು, ವರದಿ ಎಲ್ಲವನ್ನೂ ಹೇಳುತ್ತೆ. ನನ್ನನ್ನ ಕಾಡೋದು ಮಾತ್ರ ಆ ಸುಮ್ಮನಿದ್ದ ಪರದೆ.

ಕರ್ನಾಟಕದವರಿಗೆ ಇಲ್ಲೊಂದು ಉಪಕಥೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಯಿತು. ಎರಡನೇ ದಿನ 60 ಕೋಟಿಗೂ ಹೆಚ್ಚು ಜನರಿಗೆ ಅದರ ಬಿಸಿ ತಟ್ಟಿತು. ನಮಗೆ ಏನೂ ಆಗಲಿಲ್ಲ. ದಕ್ಷಿಣದ ಗ್ರಿಡ್ ಆಗ ಉಳಿದವುಗಳ ಜೊತೆ ಒಂದೇ ತಾಳಕ್ಕೆ ಕೂಡಿಕೊಂಡಿರಲಿಲ್ಲ. ಕೂಡಿಕೊಂಡದ್ದು 2013ರ ಡಿಸೆಂಬರ್ 31ಕ್ಕೆ, ರಾಯಚೂರು–ಸೊಲ್ಲಾಪುರ ಲೈನ್ ಮೂಲಕ. ಈಗ ರಾಯಚೂರಿನ ಫ್ಯಾನಿಗೂ ದಿಲ್ಲಿಯ ಫ್ಯಾನಿಗೂ ಒಂದೇ 50 ಹರ್ಟ್ಜ್ ನಾಡಿ. ಆ ನಾಡಿ ಎಷ್ಟು ಮಿಡೀತಿದೆ ಅಂತ ತೋರಿಸೋ ಅಂಕಿಯನ್ನ ಲೋಡ್ ಡಿಸ್ಪ್ಯಾಚ್ ಕೇಂದ್ರಗಳಲ್ಲಿ ಸದಾ ಕಣ್ಣಿಟ್ಟು ನೋಡ್ತಾ ಇರ್ತಾರೆ.

ಪರದೆ ಸುಮ್ಮನಾಗೋದು ಒಂದು ಬಗೆಯ ಸುಳ್ಳು. ಇನ್ನೊಂದು ಬಗೆ ಇದಕ್ಕಿಂತ ಹಳೆಯದು. 1979ರ ಮಾರ್ಚ್ 28ರ ಬೆಳಗಿನ ಜಾವ 4 ಗಂಟೆ, ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರ. ಒತ್ತಡ ಏರಿ ಒಂದು ಕವಾಟ ತೆರೀತು. ಒತ್ತಡ ಇಳಿದ ಮೇಲೆ ಮುಚ್ಚಬೇಕಿತ್ತು, ಮುಚ್ಚಲಿಲ್ಲ, ಸಿಕ್ಕಿಕೊಂಡಿತು. ಕಂಟ್ರೋಲ್ ರೂಮ್‌ನ ದೀಪ ಮಾತ್ರ ಆರಿತು. ಯಾಕೆಂದರೆ ಆ ದೀಪಕ್ಕೆ ಕವಾಟದ ಸ್ಥಿತಿ ಗೊತ್ತೇ ಇರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ‘ಮುಚ್ಚು’ ಅನ್ನೋ ಆದೇಶ ಹೋಗಿದೆ ಅಂತ ಮಾತ್ರ. ‘ಹೇಳಿ ಕಳಿಸಿದ್ದೀನಿ’ ಅನ್ನೋದಕ್ಕೂ ‘ಕೆಲಸ ಆಗಿದೆ’ ಅನ್ನೋದಕ್ಕೂ ಎಷ್ಟು ಅಂತರ ಅಂತ ಸರ್ಕಾರಿ ಕಚೇರಿಗೆ ಅಲೆದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ತಂಪಿನ ನೀರು ಸೋರಿತು. ನೂರಕ್ಕೂ ಹೆಚ್ಚು ಅಲಾರಂ ಒಟ್ಟಿಗೆ ಹೊಡೆದುಕೊಂಡವು. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಹೇಳೋ ದಿಕ್ಕಿಲ್ಲ. ಅಣುಸ್ಥಾವರದ ಗರ್ಭದ ಸುಮಾರು ಅರ್ಧ ಭಾಗ ಕರಗಿತು.

2003ರಲ್ಲಿ ಒಂದೂ ಅಲಾರಂ ಇಲ್ಲ, 1979ರಲ್ಲಿ ನೂರು ಅಲಾರಂ. ಎರಡು ಕಡೆಯೂ ಕೂತಿದ್ದ ಮನುಷ್ಯನಿಗೆ ತಿಳಿದದ್ದು ಅಷ್ಟೇ.

ಈಗ ನಮ್ಮ ಕಾಲಕ್ಕೆ ಬರೋಣ. 2017ರ ಫೆಬ್ರವರಿ 28, ನಮ್ಮಲ್ಲಿ ರಾತ್ರಿ 11 ದಾಟಿತ್ತು. ಅಮೆಜಾನ್‌ನ ಕ್ಲೌಡ್ ವಿಭಾಗದಲ್ಲಿ ‘ಎಸ್-ತ್ರೀ’ ಅಂತ ಒಂದು ಸೇವೆ ಇದೆ. ಫೋಟೊ, ಫೈಲು, ಏನು ಬೇಕಾದರೂ ತುಂಬಿಡೋ ಉಗ್ರಾಣ. ಇಂಟರ್‌ನೆಟ್‌ನ ದೊಡ್ಡ ಪಾಲು ಅದರ ಮೇಲೆ ನಿಂತಿದೆ. ಒಬ್ಬ ಎಂಜಿನಿಯರ್ ಕೆಲವೇ ಸರ್ವರ್ ತೆಗೆಯೋಕೆ ಒಂದು ಆಜ್ಞೆ ಟೈಪ್ ಮಾಡಿದ. ಒಂದು ಕಡೆ ಅಕ್ಷರ ತಪ್ಪಿತು, ಬೇಕಾದ್ದಕ್ಕಿಂತ ಬಹಳ ಹೆಚ್ಚು ಸರ್ವರ್‌ಗಳು ಹೋದವು. ಉಗ್ರಾಣದ ಬಾಗಿಲು ಮುಚ್ಚಿತು, ಅದನ್ನ ನಂಬಿದ್ದ ಆ್ಯಪ್‌ಗಳು ಸಾಲಾಗಿ ಮಲಗಿದವು. ಜನ ಎಲ್ಲಿಗೆ ಓಡಿದರು? ಅಮೆಜಾನ್‌ನ ಸ್ಟೇಟಸ್ ಡ್ಯಾಶ್‌ಬೋರ್ಡ್‌ಗೆ. ಅಲ್ಲಿ ಎಲ್ಲ ಹಸಿರು! ಆ ಡ್ಯಾಶ್‌ಬೋರ್ಡ್‌ನ ಬಣ್ಣ ಬದಲಿಸೋ ವ್ಯವಸ್ಥೆಯೇ ಎಸ್-ತ್ರೀ ಮೇಲೆ ನಿಂತಿತ್ತು. ಸುಮಾರು ಎರಡು ಗಂಟೆ ಅದನ್ನ ಬದಲಿಸೋಕೆ ಆಗಲಿಲ್ಲ. ಕಂಪನಿ ಟ್ವಿಟರ್‌ನಲ್ಲಿ ಸುದ್ದಿ ಹೇಳಬೇಕಾಯಿತು. ಮನೆಗೆ ಬೆಂಕಿ ಬಿದ್ದಾಗ ಕೂಗಿ ಹೇಳಬೇಕಾದ ಗಂಟೆ ಮನೆಯೊಳಗೇ ಇತ್ತು.

ಇದೇ ಕಥೆಯ ದೊಡ್ಡ ಅಣ್ಣನನ್ನ ನೀವೇ ನೋಡಿದ್ದೀರಿ. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮೂರೂ ಸುಮಾರು ಆರು ಗಂಟೆ ಮಾಯ. ಎಲ್ಲರೂ ವೈಫೈ ಆಫ್-ಆನ್ ಮಾಡಿ ಸುಸ್ತಾದ ರಾತ್ರಿ ಅದು. ದುರಸ್ತಿ ಮಾಡಬೇಕಾದ ಎಂಜಿನಿಯರ್‌ಗಳ ಒಳಗಿನ ಉಪಕರಣಗಳೂ ಅದೇ ನೆಟ್‌ವರ್ಕ್ ಮೇಲಿದ್ದವು. ಕೊನೆಗೆ ಡೇಟಾ ಸೆಂಟರ್‌ಗೆ ಆಳು ಕಳಿಸಿ ಕೈಯಿಂದಲೇ ಸರಿಪಡಿಸಬೇಕಾಯಿತು.

ಇಷ್ಟೆಲ್ಲ ಏಟು ತಿಂದ ಮೇಲೆ ಈ ಕಸುಬು ಸ್ವಲ್ಪ ಪಳಗಿದೆ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಗೂಗಲ್‌ನಿಂದ ಬಂದಿದ್ದ ಮ್ಯಾಟ್ ಪ್ರೌಡ್ ಮತ್ತು ಜೂಲಿಯಸ್ ವೋಲ್ಜ್ ‘ಪ್ರೊಮಿಥಿಯಸ್’ ಶುರು ಮಾಡಿದರು. ಗೂಗಲ್ ಒಳಗಿದ್ದ ‘ಬೋರ್ಗ್‌ಮಾನ್’ ಅದಕ್ಕೆ ಪ್ರೇರಣೆ. 2014ರ ಜನವರಿಯಲ್ಲಿ ಸ್ವೀಡನ್‌ನ ಟಾರ್ಕೆಲ್ ಓಡೆಗಾರ್ಡ್ ‘ಗ್ರಾಫಾನಾ’ ತಂದರು. ಬೆಂಗಳೂರಿನ ಟೆಕ್ ಕಚೇರಿಯ ಗೋಡೆ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಬಣ್ಣಬಣ್ಣದ ಗೆರೆ ಓಡೋ ಟಿವಿ ಕಂಡರೆ, ಅದು ಬಹುಶಃ ಇದೇ ಜೋಡಿ.

2016ರಲ್ಲಿ ಗೂಗಲ್ ಎಂಜಿನಿಯರ್‌ಗಳು ತಮ್ಮ ಪುಸ್ತಕದಲ್ಲಿ, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ನಾಲ್ಕು ಸಂಗತಿ ನೋಡಿ ಅಂದರು. ದರ್ಶಿನಿ ಹೋಟೆಲ್‌ನಲ್ಲಿ ನಿಂತು ಯೋಚಿಸಿದರೆ ನಾಲ್ಕೂ ಅರ್ಥವಾಗುತ್ತವೆ. ಟೋಕನ್ ಕೊಟ್ಟ ಮೇಲೆ ದೋಸೆ ಬರೋಕೆ ಎಷ್ಟು ಹೊತ್ತು? ನಿಮಿಷಕ್ಕೆ ಎಷ್ಟು ಟೋಕನ್ ಬರ್ತಿವೆ? ಎಷ್ಟು ಜನರಿಗೆ ಮಸಾಲೆ ಬದಲು ಸೆಟ್ ದೋಸೆ ಹೋಯ್ತು? ಹೆಂಚಿನ ಮೇಲೆ ಇನ್ನೆಷ್ಟು ಜಾಗ ಉಳಿದಿದೆ? ಗಮನಿಸಿ, ಇದರಲ್ಲಿ ಮೊದಲ ಮತ್ತು ಮೂರನೆಯದು ಗಿರಾಕಿಯ ಕಡೆಯಿಂದ ನೋಡೋದು. ಅಡುಗೆಯವನ ಜ್ವರ ಎಷ್ಟು ಡಿಗ್ರಿ ಅಂತ ಆಮೇಲೆ ನೋಡಿದರಾಯಿತು. ಕೇಂಬ್ರಿಡ್ಜ್‌ನ ಕಾಫಿ ಪಾತ್ರೆ ಕಡೆಗೇ ವಾಪಸ್ ಬಂದ ಹಾಗಾಯ್ತು.

ನನಗೆ ಇನ್ನೊಂದು ಪರದೆ ನೆನಪಾಗುತ್ತೆ, ನಿಮಗೂ ನೆನಪಿರುತ್ತೆ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ದಾಟಿದ ಹೊತ್ತು, ಬೆಂಗಳೂರಿನ ಪೀಣ್ಯದ ಇಸ್ಟ್ರಾಕ್. ಚಂದ್ರಯಾನ-2ರ ವಿಕ್ರಮ್ ಇಳೀತಿದೆ. ಪರದೆಯಲ್ಲಿ ಹೋಗಬೇಕಾದ ದಾರಿ ಕೆಂಪು ಗೆರೆ, ಹೋಗ್ತಿರೋದು ಹಸಿರು ಚುಕ್ಕಿ. ಚುಕ್ಕಿ ಗೆರೆಯಿಂದ ಸ್ವಲ್ಪ ಜಾರಿತು. ಆಮೇಲೆ ನಿಂತುಬಿಟ್ಟಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚುಕ್ಕಿ ಹಸಿರಾಗೇ ಇತ್ತು, ಆದರೂ ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಅದು ನಿಂತದ್ದರ ಅರ್ಥ ಗೊತ್ತಿತ್ತು. ಒಹಾಯೊದಲ್ಲಿ ಇಲ್ಲದೇ ಹೋದದ್ದು ಇದೇ: ಅಲುಗಾಡಬೇಕಾದದ್ದು ಅಲುಗಾಡ್ತಿಲ್ಲ ಅಂತ ಕಾಣೋ ಒಂದು ಚುಕ್ಕಿ.

ಹಾಗಾದರೆ ಕಾವಲುಗಾರನನ್ನ ಕಾಯೋರು ಯಾರು? ನಮ್ಮ ಬೀದಿಯಲ್ಲಿ ರಾತ್ರಿ ಗೂರ್ಖಾ ಕೋಲು ಕುಟ್ಟಿ ಸೀಟಿ ಊದುತ್ತಾ ಹೋಗ್ತಿದ್ದ. ಕಳ್ಳ ಬಂದಾಗ ಊದಿದ್ದನ್ನ ನಾನಂತೂ ಕೇಳಿಲ್ಲ. ಏನೂ ಇಲ್ಲದಾಗಲೂ ಊದುತ್ತಿದ್ದ. ಸೀಟಿ ಕೇಳದ ರಾತ್ರಿ ನಮ್ಮಜ್ಜಿ ಎದ್ದು ಕೂತು, ‘ಅವನಿಗೇನಾಯ್ತೋ ನೋಡ್ರೋ’ ಅನ್ನೋರು. ಪ್ರೊಮಿಥಿಯಸ್ ಬಳಸುವವರಲ್ಲಿ ‘ವಾಚ್‌ಡಾಗ್’ ಅನ್ನೋ ಒಂದು ಅಲರ್ಟ್ ಇಟ್ಟುಕೊಳ್ಳೋ ರೂಢಿ ಇದೆ. ಅದು ಹೊಡೀತಾನೇ ಇರುತ್ತೆ, ಇಪ್ಪತ್ನಾಲ್ಕು ಗಂಟೆಯೂ. ಯಾರ ಫೋನಿಗೂ ಅದು ಹೋಗಲ್ಲ. ದೂರದಲ್ಲಿ, ಬೇರೆಯದೇ ನೆಟ್‌ವರ್ಕ್‌ನಲ್ಲಿ ಕೂತ ಇನ್ನೊಂದು ಯಂತ್ರ ಅದನ್ನ ಕೇಳಿಸಿಕೊಳ್ತಾ ಇರುತ್ತೆ. ಸದ್ದು ನಿಂತರೆ ಆ ಯಂತ್ರ ಫೋನ್ ಮಾಡುತ್ತೆ. ಹಾಸನದ ಕಲ್ಯಾಣ ಮಂಟಪದಲ್ಲಿ ನಮ್ಮ ಹುಡುಗಿ ಪಾಯಸದ ಎಲೆ ಬಿಟ್ಟು ಎದ್ದದ್ದೂ ಅಂಥ ಒಂದು ಕರೆಗೇ. ಸರ್ವರ್‌ಗಳೆಲ್ಲ ಆರಾಮಾಗಿದ್ದವು, ಅವುಗಳನ್ನ ನೋಡಿಕೊಳ್ಳೋದು ಮಾತ್ರ ನಿದ್ದೆ ಹೋಗಿತ್ತು, ಹನ್ನೊಂದು ನಿಮಿಷ.